ಗೋವಾ: ಬೀಚ್ ಬಿಟ್ಟು ಹಳೇ ಮನೆ, ಗುಡಿ, ಚರ್ಚು, ಊಟ... ಗೊತ್ತಿದ್ದವರು ಹೇಳಿ

ಮಲ್ಲಿಗೆ ಧಾರವಾಡ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮೂರ್ನಾಲ್ಕು ದಿನ ಗೋವಾಕ್ಕೆ ಹೋಗುವ ವಿಚಾರ ಇದೆ. ನಾನು, ನಮ್ಮ ಮನೆಯವರು, ನಮ್ಮ ಅವ್ವ. ಕ್ಯಾಸಿನೊ, ಡಿಜೆ, ಬೋಟಿನಲ್ಲಿ ಕುಣಿತ ಯಾವುದೂ ಬೇಡ. ಅವ್ವ ಪೂರ್ತಿ ಸಸ್ಯಾಹಾರಿ, ಮೊಣಕಾಲು ನೋವು ಬೇರೆ. ನಮ್ಮ ಮನೆಯವರು ಮೀನಿನ ಹೆಸರು ಹೇಳಿದರೆ ಚಪ್ಪಲಿ ಹಾಕಿಕೊಂಡು ತಯಾರಾಗುತ್ತಾರೆ. ನನಗೆ ಪೋರ್ಚುಗೀಸರ ಕಾಲದ ಮನೆ, ಚರ್ಚು ನೋಡಬೇಕು. ಎಲ್ಲಿ ಉಳಿಯೋಣ, ಏನು ತಿನ್ನೋಣ, ಏನು ಬಿಡೋಣ? ಯೂಟ್ಯೂಬ್ ತೆಗೆದರೆ ಬಾಗಾ, ಕಲಂಗುಟ್ ಬಿಟ್ಟು ಬೇರೆ ಊರೇ ಇಲ್ಲವೇನೋ ಅನ್ನಿಸುತ್ತದೆ.

ರಜೆ ಸಿಕ್ಕರೆ ಸಾಕು

ಗೋವಾ ಈಗ ಬರೀ ದುಡ್ಡಿನ ಆಟ ಮೇಡಂ. ಹೋದ ಸಲ ಸ್ಟೇಷನ್ನಿನಿಂದ ಹೋಟೆಲಿಗೆ ಹೋಗಲು ಟ್ಯಾಕ್ಸಿಯವನು ಕೇಳಿದ ರೇಟು ಕೇಳಿ ರೈಲೇ ವಾಪಸ್ ಹತ್ತೋಣ ಅನ್ನಿಸಿತು. ಸುಮ್ನೆ ಗೋಕರ್ಣಕ್ಕೆ ಹೋಗಿ. ಅದೇ ಸಮುದ್ರ, ಅದೇ ಮೀನು.

ವಾಸ್ಕೋ ಕನ್ನಡಿಗ

ಅವರು ಸಮುದ್ರ ಕೇಳಲೇ ಇಲ್ಲವಲ್ಲ ಸರ್!

ಮಲ್ಲಿಗೆ ಅವರೇ, ನಮ್ಮ ಅಪ್ಪ ಬಾಗಲಕೋಟೆ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ನಾನು ಹುಟ್ಟಿ ಬೆಳೆದದ್ದೆಲ್ಲ ವಾಸ್ಕೋದಲ್ಲಿ. ನೆಂಟರು ಬಂದಾಗಲೆಲ್ಲ ಊರು ತೋರಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಅದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾಗಬೇಡಿ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. 450 ವರ್ಷ ಪೋರ್ಚುಗೀಸರ ಕೈಯಲ್ಲಿ ಇದ್ದದ್ದು ಇಡೀ ಗೋವಾ ಅಲ್ಲ. ತಿಸ್ವಾಡಿ, ಬಾರ್ದೇಸ್, ಸಾಷ್ಟಿ ಎಂಬ ಮೂರು ತಾಲೂಕು ಮಾತ್ರ. ಫೋಂಡಾ, ಕೆಪೆ, ಕಾಣಕೋಣ, ಡಿಚೋಲಿ, ಸತ್ತರಿ, ಪೆಡ್ಣೆ ಎಲ್ಲ ಅವರಿಗೆ ಸಿಕ್ಕಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಮತಾಂತರದ ಹುರುಪು ತಣ್ಣಗಾಗಿತ್ತು. ಅದಕ್ಕೇ ದೊಡ್ಡ ಚರ್ಚುಗಳು, ಬಂಗಲೆಗಳು ಮೊದಲ ಮೂರು ತಾಲೂಕಿನಲ್ಲಿ, ಹೆಸರಾಂತ ಗುಡಿಗಳು ಈಚೆ ಕಡೆ. ಇದು ಗೊತ್ತಿಲ್ಲದೆ ತಿರುಗಿದರೆ ಗೋವಾ ಅಂದರೆ ಬರೀ ಚರ್ಚು ಅನ್ನಿಸುತ್ತದೆ. ಗೊತ್ತಿದ್ದು ತಿರುಗಿದರೆ ಪ್ರತಿ ಊರೂ ಬೇರೆ ಕಥೆ ಹೇಳುತ್ತದೆ.

ಉಳಿಯಲು ಪಣಜಿ ನೋಡಿ. ಬೀಚಿನ ಗದ್ದಲ ಇಲ್ಲ, ಕದಂಬ ಬಸ್ ಸ್ಟ್ಯಾಂಡ್ ಊರಲ್ಲೇ ಇದೆ. (ಹೌದು, ಇಲ್ಲಿನ ಸರ್ಕಾರಿ ಬಸ್ಸಿನ ಹೆಸರು ಕದಂಬ. ಆ ರಾಜಮನೆತನದ ಹೆಸರೇ.) ಒಂದು ದಿನ ಬೆಳಿಗ್ಗೆ ಹಳೇ ಗೋವಾ, ಮಧ್ಯಾಹ್ನದ ಮೇಲೆ ಫೋಂಡಾದ ಗುಡಿಗಳು. ಎರಡರ ನಡುವೆ ಅರ್ಧ ಗಂಟೆ ದಾರಿ. ಈ ಎರಡನ್ನೂ ಒಂದೇ ದಿನ ನೋಡಿ, ಬೇರೆ ಬೇರೆ ದಿನಕ್ಕೆ ಹಾಕಬೇಡಿ. ಯಾಕೆ ಅಂತ ಅಲ್ಲಿ ಹೋದಾಗ ತಿಳಿಯುತ್ತದೆ.

ಕಲ್ಲುಕಂಬ

ಗುಡಿ ಒಡೆದವರು ಕಟ್ಟಿದ್ದನ್ನು ನೋಡಲು ದುಡ್ಡು ಖರ್ಚು ಮಾಡಿ ಹೋಗಬೇಕಾ? ಪೋರ್ಚುಗೀಸರ ಮನೆ ಚಂದ, ಅವರ ಊಟ ಚಂದ ಅಂತ ಹೊಗಳುವುದೇ ಈಗ ಫ್ಯಾಷನ್ ಆಗಿದೆ.

ಶಿರಸಿ ಸೀಮೆ

ಕಲ್ಲುಕಂಬ ಅವರೇ, ಸಿಟ್ಟು ಸರಿ. ಆದರೆ ಹೋಗದೇ ಇರುವುದು ಅದಕ್ಕೆ ಉತ್ತರ ಅಲ್ಲ.

ಮಂಗೇಶಿ ಗುಡಿ ಈಗ ಇರುವುದು ಫೋಂಡಾ ತಾಲೂಕಿನಲ್ಲಿ. ಮೂಲ ಸ್ಥಾನ ಸಾಷ್ಟಿಯ ಕುಶಸ್ಥಳಿ. ಶಾಂತಾದುರ್ಗೆ ಕೆಳಶಿಯಿಂದ ಕವಳೆಗೆ ಬಂದಳು. ಮಹಾಲಸೆ ವೆರ್ಣೆಯಿಂದ ಮಾರ್ದೊಳಕ್ಕೆ. 1560ರ ಆಸುಪಾಸಿನಲ್ಲಿ ಭಕ್ತರು ವಿಗ್ರಹ ಹೊತ್ತುಕೊಂಡು ಜುವಾರಿ ನದಿ ದಾಟಿದರು. ಆಗ ನದಿಯ ಈಚೆ ದಡ ಯಾರದು ಹೇಳಿ? ವಿಜಯಪುರದ ಆದಿಲ್ ಶಾಹಿಗಳದ್ದು. ಅಂದರೆ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡ ದೇವರಿಗೆ ನೆಲೆ ಸಿಕ್ಕಿದ್ದು ನಮ್ಮ ವಿಜಯಪುರದ ಸುಲ್ತಾನರ ಸೀಮೆಯಲ್ಲಿ. ಫೋಂಡಾದಲ್ಲೇ ಸಾಫಾ ಮಸೀದಿ ಇದೆ, ಪಕ್ಕದಲ್ಲಿ ದೊಡ್ಡ ಕಲ್ಯಾಣಿ. 1560ರಲ್ಲಿ ಅಲಿ ಆದಿಲ್ ಶಾಹ ಕಟ್ಟಿಸಿದ್ದು. ಗುಡಿ ನೋಡಲು ಹೋದವರು ಅದನ್ನೂ ನೋಡಿ ಬನ್ನಿ, ದಾರಿಯಲ್ಲೇ ಇದೆ.

ಆಮೇಲೆ ಆ ಸೀಮೆ ನಮ್ಮ ಸೋದೆ ಅರಸರ ಕೈಗೆ ಬಂತು. ಹೈದರಾಲಿ ಸೋದೆಯನ್ನು ಹಿಡಿದಾಗ, ಅಂದರೆ 1763-64ರ ಹೊತ್ತಿಗೆ, ಅರಸರು ಘಟ್ಟ ಇಳಿದು ಗೋವಾಕ್ಕೆ ಹೋದರು. ಪೋರ್ಚುಗೀಸರ ಆಶ್ರಯದಲ್ಲೇ ಫೋಂಡಾ ಹತ್ತಿರದ ಬಾಂದಿವಡೆಯಲ್ಲಿ ನೆಲೆಸಿದರು. ಅವರ ಸೀಮೆಯೂ ಪೋರ್ಚುಗೀಸರ ಪಾಲಾಯಿತು. ಹಾಗಾಗಿ ವಾಸ್ಕೋದವರು ಹೇಳಿದ ಆ ಎರಡನೇ ಗೋವಾದಲ್ಲಿ ದೊಡ್ಡ ತುಂಡು ಶಿರಸಿ ಪಕ್ಕದ ಸೋದೆಯದು. ನಮ್ಮ ಊರಿನ ಹುಡುಗರಿಗೂ ಇದು ಗೊತ್ತಿಲ್ಲ.

ಇನ್ನೊಂದು ವಿಚಾರವೂ ಇದೆ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನನ್ನು ಗೋವಾಕ್ಕೆ ಕರೆದುಕೊಂಡು ಹೋದದ್ದು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಅಂತ ಬರೆದಿದ್ದಾರೆ. ಮೊದಲ ಸಲ ಹಿಡಿದ ಊರನ್ನು ಆದಿಲ್ ಶಾಹಿ ಸೇನೆ ಕೆಲವೇ ತಿಂಗಳಲ್ಲಿ ವಾಪಸ್ ಕಿತ್ತುಕೊಂಡಿತು. ನವೆಂಬರ್ 25ಕ್ಕೆ ಅಲ್ಬುಕರ್ಕ ಮತ್ತೆ ಗೆದ್ದ. ಒಡೆದವರ ಪಟ್ಟಿ ಮಾಡುವಾಗ ಬಾಗಿಲು ತೋರಿಸಿದವರ ಹೆಸರನ್ನೂ ಬರೆಯಬೇಕಲ್ವಾ?

ಕುಡ್ಲ ಕೊಂಕಣಿ

ನಾನು ಮಂಗಳೂರಿನ ಕ್ಯಾಥೊಲಿಕ್. ನಮ್ಮ ಹಿರಿಯರು ಆ ಕಡೆಯಿಂದಲೇ ಕೆನರಾಕ್ಕೆ ಬಂದವರು. ಕಲ್ಲುಕಂಬ ಅವರಿಗೆ ಒಂದು ಮಾತು ಸೇರಿಸುತ್ತೇನೆ. ಗೋವಾದ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯ, 1560ರಿಂದ 1812ರವರೆಗೆ ಇತ್ತು, ನಡುವೆ ಕೆಲವು ವರ್ಷ ಬಿಟ್ಟು. ಅದರ ಕಣ್ಣು ಜಾಸ್ತಿ ಇದ್ದದ್ದು ಮತಾಂತರ ಆದವರ ಮೇಲೇ. 1736ರ ಒಂದು ಆದೇಶ ಇದೆ. ಅಂಗಳದಲ್ಲಿ ತುಳಸಿ ಇಡಬಾರದು, ಮನೆಯಲ್ಲಿ ಧೋತರ ಉಡಬಾರದು, ಅನ್ನಕ್ಕೆ ಉಪ್ಪು ಹಾಕದೆ ಬೇಯಿಸಬಾರದು. ಹಿಂದೂಗಳು ಉಪ್ಪನ್ನು ಆಮೇಲೆ ಹಾಕಿಕೊಳ್ಳುತ್ತಾರೆ ಅಂತ ಅದಕ್ಕೂ ಕಾನೂನು! ಅಡುಗೆಮನೆಯ ಒಳಗೆ ಬಂದು ಪಾತ್ರೆ ಮುಚ್ಚಳ ತೆಗೆದು ನೋಡಿದ ಸರ್ಕಾರ ಅದು.

ಆದರೂ ಅನ್ನ ಅನ್ನವಾಗೇ ಉಳಿಯಿತು, ಮೀನು ಸಾರಿನಲ್ಲಿ ತೆಂಗಿನಕಾಯಿ ಉಳಿಯಿತು. ಗೋವಾದ ಊಟವನ್ನು ಪೋರ್ಚುಗೀಸ್ ಊಟ ಅಂತ ಕರೆಯುವುದೇ ನನಗೆ ಸರಿ ಕಾಣುವುದಿಲ್ಲ. ವಿಂದಾಲು ತಗೊಳ್ಳಿ. ಹಡಗಿನಲ್ಲಿ ಕೆಡದ ಹಾಗೆ ವೈನು, ಬೆಳ್ಳುಳ್ಳಿಯಲ್ಲಿ ನೆನೆಹಾಕಿದ ಹಂದಿ ಮಾಂಸ ಅವರ ಕಡೆಯದು. ಇಲ್ಲಿ ವೈನಿನ ಜಾಗಕ್ಕೆ ಕಳ್ಳಿನ ವಿನೆಗರ್ ಬಂತು. ಒಣಮೆಣಸು, ಜೀರಿಗೆ, ಕಾಳುಮೆಣಸು, ಚಕ್ಕೆ, ಲವಂಗ ಅರೆದು ಹಾಕಿದರು. ಅದರಲ್ಲಿ ಆಲೂಗಡ್ಡೆ ಇರುವುದಿಲ್ಲ. ಆಲೂಗಡ್ಡೆ ಹಾಕಿ ಕೊಟ್ಟರೆ ಆ ಹೋಟೆಲಿನಲ್ಲಿ ಬೇರೇನೂ ಆರ್ಡರ್ ಮಾಡಬೇಡಿ.

ಕಾಫ್ರೆಯಾಲ್ ಕೋಳಿ ಬಂದದ್ದು ಆಫ್ರಿಕಾದ ಮೊಜಾಂಬಿಕ್ ಕಡೆಯಿಂದ. ಅದೂ ಪೋರ್ಚುಗೀಸರ ವಸಾಹತೇ. ಹಸಿಮೆಣಸು, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ ಅರೆದು ಹಚ್ಚುವ ಹಸಿರು ಮಸಾಲೆ. ಸಿಗಡಿ ಬಾಲ್ಶಾಂವ್ ಮಕಾವ್, ಮಲಾಕ್ಕಾ ಕಡೆಯ ದಾರಿ ಹಿಡಿದು ಬಂದದ್ದು. ಶಾಕುತಿ ಅನ್ನುವ ಮಸಾಲೆ ಸಾರು ಮಾತ್ರ ನೂರಕ್ಕೆ ನೂರು ಇಲ್ಲಿಯದು, ಹುರಿದ ಕೊಬ್ಬರಿ, ಗಸಗಸೆ, ಹುರಿದ ಮಸಾಲೆ. ಅದು ಯಾವ ಲಿಸ್ಬನ್ನಿನಲ್ಲೂ ಹುಟ್ಟಲು ಸಾಧ್ಯವಿಲ್ಲ.

ಸೊರ್ಪೊತೆಲ್, ಅಂದರೆ ಹಂದಿ ಮಾಂಸ, ಈಲಿಯ ಹುಳಿಖಾರದ ಸಾರು, ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಮಾಡಿದ ದಿನ ತಿನ್ನಬಾರದು. ದಿನಾ ಒಂದು ಸಲ ಬಿಸಿ ಮಾಡಿ ಇಟ್ಟು ಮೂರನೇ ದಿನ ಸಾನ್ನಾ (ಇಡ್ಲಿಯ ಥರದ ಅಕ್ಕಿಯ ತಿಂಡಿ) ಜೊತೆ ತಿನ್ನಬೇಕು. ಹೋಟೆಲಿನವರಿಗೆ ಅಷ್ಟು ತಾಳ್ಮೆ ಎಲ್ಲಿ?

ಬರೀ ಊಟ

ಅದು ಸರಿ, ಆದರೆ ಮೆಣಸಿನಕಾಯಿಯೇ ಅವರು ತಂದದ್ದು. ಗೇರು, ಅನಾನಸು, ಪಪ್ಪಾಯಿ, ಪೇರಲ ಎಲ್ಲ ಅಮೆರಿಕ ಖಂಡದಿಂದ ಅವರ ಹಡಗಿನಲ್ಲೇ ಬಂದವು. ನಮ್ಮ ಬ್ಯಾಡಗಿ ಮೆಣಸಿನ ಅಜ್ಜನೂ ಯಾವುದೋ ಹಡಗಿನಿಂದಲೇ ಇಳಿದಿರಬೇಕು. ಗೋವಾದ ಊಟ ಪೋರ್ಚುಗೀಸ್ ಅಲ್ಲ ಅಂದರೆ ನಮ್ಮ ಖಾರದ ಪುಡಿಯೂ ನಮ್ಮದಲ್ಲ ಅನ್ನಬೇಕಾಗುತ್ತದೆ 😀

ಕುಡ್ಲ ಕೊಂಕಣಿ

ಗಿಡ ಅವರದು, ರುಬ್ಬಿದ ಕೈ ನಮ್ಮದು.

ಮಲ್ಲಿಗೆ ಧಾರವಾಡ

ಓದುತ್ತಾ ಓದುತ್ತಾ ಹಸಿವಾಯಿತು. ಆದರೆ ನಮ್ಮ ಅವ್ವನಿಗೆ ಇದರಲ್ಲಿ ಒಂದೂ ಇಲ್ಲವಲ್ಲ! ಅವರಿಗೆ ಅಲ್ಲಿ ಏನು ಸಿಗುತ್ತದೆ? ಬರೀ ಮೊಸರನ್ನ, ಪನೀರ್ ಮಸಾಲ ಆದರೆ ಬೇಡ. ಮತ್ತೆ ಗುಡಿಗಳಲ್ಲಿ ಮೆಟ್ಟಿಲು ಜಾಸ್ತಿ ಇದೆಯೇ?

ವಾಸ್ಕೋ ಕನ್ನಡಿಗ

ಅವ್ವನಿಗೆ ಬೇಕಾದಷ್ಟಿದೆ. ಗೋವಾದ ಹಿಂದೂ ಮನೆಗಳಲ್ಲಿ ಸೋಮವಾರ, ಹಬ್ಬದ ದಿನ ಮೀನು ಇಲ್ಲ, ಆ ದಿನಗಳ ಅಡುಗೆ ಬೇರೆಯೇ.

ಬೆಳಿಗ್ಗೆ ಪಣಜಿಯ ಯಾವುದಾದರೂ ಹಳೇ ಚಹಾದಂಗಡಿಗೆ ಹೋಗಿ. ಕೆಫೆ ತಾತೊ, ಕೆಫೆ ಭೋಸ್ಲೆ ಎರಡೂ ಹೆಸರುವಾಸಿ. ಪಾವ್ ಜೊತೆ ಪಾತಳ ಭಾಜಿ ಕೇಳಿ. ಬಟಾಣಿ ಅಥವಾ ಅಲಸಂದೆ ಹಾಕಿದ ತೆಳ್ಳನೆ ರಸ. ಪಕ್ಕದಲ್ಲಿ ಮಿರ್ಚಿ. ಬನ್ಸ್ ಕೂಡ ಇರುತ್ತದೆ, ನಮ್ಮ ಮಂಗಳೂರು ಬನ್ಸಿನ ಜಾತಿಯದೇ. ಬೆಳಗಿನ ಹತ್ತರ ನಂತರ ಹೋದರೆ ಒಳ್ಳೆಯದೆಲ್ಲ ಖಾಲಿ.

ಮಧ್ಯಾಹ್ನಕ್ಕೆ ಖತಖತೆಂ ಸಿಕ್ಕರೆ ಬಿಡಬೇಡಿ. ಹಲವು ತರಕಾರಿ, ಗಡ್ಡೆ, ತೊಗರಿ ಬೇಳೆ, ತೆಂಗಿನಕಾಯಿ. ಅದಕ್ಕೆ ತಿರ್ಫಳ ಹಾಕುತ್ತಾರೆ, ನಮ್ಮ ಮಲೆನಾಡಿನವರ ಜುಮ್ಮನಕಾಯಿ. ಅಲಸಂದೆ ತೋಣಾಕ್ ಅನ್ನುವ ಮಸಾಲೆ ಗೊಜ್ಜು ಇನ್ನೊಂದು. ಕೊನೆಗೆ ಸೋಲಕಡಿ, ಮುರುಗಲ ಹುಳಿ, ಕಾಯಿಹಾಲು ಸೇರಿಸಿದ ಪಾನೀಯ. ಸಿಹಿಗೆ ಬರುವಾಗ ಎಚ್ಚರ. ಬೆಬಿಂಕಾ ಅಂತ ಪದರ ಪದರವಾಗಿ ಮಾಡುವ ಸಿಹಿ ಎಲ್ಲ ಕಡೆ ಮಾರುತ್ತಾರೆ. ಅದರಲ್ಲಿ ಮೊಟ್ಟೆಯ ಹಳದಿ ಬೇಕಾದಷ್ಟು ಇರುತ್ತದೆ. ಅವ್ವನಿಗೆ ದೋದೋಲ್ ಕೊಡಿ. ಅಕ್ಕಿ ಹಿಟ್ಟು, ಬೆಲ್ಲ, ಕಾಯಿಹಾಲು, ಮೊಟ್ಟೆ ಇಲ್ಲ. ಒಂದು ಪದರ ಬೇಯಿಸಿ, ಅದರ ಮೇಲೆ ಇನ್ನೊಂದು ಹುಯ್ದು, ಮೇಲಿಂದ ಕೆಂಡದ ಶಾಖ ಕೊಟ್ಟು ಮಾಡುವ ಬೆಬಿಂಕಾವನ್ನು ನೀವಂತೂ ತಿನ್ನಿ. ಡಬ್ಬದ ಫ್ಯಾಕ್ಟರಿ ಮಾಲು ಬೇಡ. ಫೊಂತೈನ್ಯಾಸ್ ಓಣಿಯ 31 ದೆ ಜನೈರೋ ಬೇಕರಿಯ ಥರದ ಹಳೇ ಅಂಗಡಿಗಳಲ್ಲಿ ಕೇಳಿ.

ಇನ್ನು ಪಾವ್ ಬಗ್ಗೆ ಹೇಳದೆ ಹೇಗೆ ಬಿಡಲಿ! ಬೆಳಿಗ್ಗೆ ಪೊದೇರ್, ಅಂದರೆ ಪಾವ್ ಮಾರುವವನು, ಸೈಕಲ್ಲಿನ ಹಿಂದೆ ಬಿದಿರು ಬುಟ್ಟಿ ಕಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿ, ಹಾರ್ನ್ ಒತ್ತುತ್ತಾ ಬರುತ್ತಾನೆ. ಆ ಪೊಂ ಪೊಂ ಕೇಳಿದರೆ ಸಾಕು, ಓಣಿಯ ಬಾಗಿಲುಗಳು ತೆಗೆಯುತ್ತವೆ. ಚೌಕದ ಪಾವ್ ಒಂದೇ ಅಲ್ಲ. ಗೋಧಿ ತೌಡು ಉದುರಿಸಿದ, ಒಳಗೆ ಟೊಳ್ಳಾದ ಪೊಯ್. ಗಟ್ಟಿ ಹೊರಪದರದ ಉಂಡೊ. ಬಳೆಯ ಆಕಾರದ ಕಾಂಕಣ, ಅದನ್ನು ಚಹಾದಲ್ಲಿ ಅದ್ದಿಯೇ ತಿನ್ನಬೇಕು, ಇಲ್ಲದಿದ್ದರೆ ಹಲ್ಲಿಗೆ ಕಷ್ಟ. ಮುಂಚೆ ಹಿಟ್ಟು ಹುದುಗಿಸಲು ಕಳ್ಳು ಹಾಕುತ್ತಿದ್ದರು. ಈಗ ಬಹುತೇಕ ಕಡೆ ಯೀಸ್ಟ್. ಭಟ್ಟಿ ಮಾತ್ರ ಕೆಲವು ಊರಲ್ಲಿ ಇನ್ನೂ ಸೌದೆಯದೇ. ಹಳೇ ಮನೆಗಳ ಮಕ್ಕಳು ಹೊರದೇಶಕ್ಕೆ ಹೋದರು, ಭಟ್ಟಿಯ ಮುಂದೆ ನಿಲ್ಲುವ ಕೆಲಸಗಾರರಲ್ಲಿ ಎಷ್ಟೋ ಜನ ಈಗ ನಮ್ಮ ಉತ್ತರ ಕರ್ನಾಟಕದ ಹುಡುಗರು. ಪೊಯ್ ಕೊಳ್ಳುವಾಗ ಕನ್ನಡದಲ್ಲಿ ಮಾತಾಡಿ ನೋಡಿ, ಒಂದು ಬಿಸಿಯದು ಹುಡುಕಿ ಕೊಡುತ್ತಾರೆ.

ಮೆಟ್ಟಿಲು ವಿಚಾರ: ಮಂಗೇಶಿ, ಮಾರ್ದೊಳದಲ್ಲಿ ಅಷ್ಟೇನೂ ಇಲ್ಲ. ಮಂಗೇಶಿಯ ಏಳು ಅಂತಸ್ತಿನ ದೀಪಸ್ತಂಭ ನೋಡಿ. ಗುಮ್ಮಟ, ಕಮಾನಿನ ಕಿಟಕಿ, ಒಳಗೆ ತೂಗುವ ಗಾಜಿನ ದೀಪಗುಚ್ಛ, ಚರ್ಚು ಕಟ್ಟಿದ ಕೈಗಳೇ ಗುಡಿಯನ್ನೂ ಕಟ್ಟಿದವೇನೋ ಅನ್ನಿಸುತ್ತದೆ. ಬೆಳಿಗ್ಗೆ ಹಳೇ ಗೋವಾ ನೋಡಿ ಬಂದ ಕಣ್ಣಿಗೆ ಮಾತ್ರ ಇದು ಕಾಣುತ್ತದೆ, ಅದಕ್ಕೇ ಒಂದೇ ದಿನ ಅಂದದ್ದು.

ಕಲ್ಲುಕಂಬ

ಇದು ನನಗೆ ಹೊಸದು. ಸರಿ, ಹಳೇ ಗೋವಾದಲ್ಲಿ ಚರ್ಚು ಬಿಟ್ಟು ನಮಗೆ ನೋಡುವಂಥದ್ದು ಏನಿದೆ ಹೇಳಿ.

ಶಿರಸಿ ಸೀಮೆ

ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಅಂಟಿಕೊಂಡೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಮಹಡಿಯ ಮೇಲೆ ಪೋರ್ಚುಗೀಸ್ ವೈಸರಾಯ್‌ಗಳ ಸಾಲು ಸಾಲು ಚಿತ್ರಗಳು. ಕೆಳಗೆ ಕದಂಬರ ಕಾಲದ ವೀರಗಲ್ಲುಗಳು. ಹಡಗಿನ ಕಾಳಗದ ವೀರಗಲ್ಲು ಇದೆ ನೋಡಿ, ಘಟ್ಟದ ಮೇಲಿನ ನಮಗೆ ಕುದುರೆ, ಆಕಳು, ಹುಲಿ ಬೇಟೆಯ ವೀರಗಲ್ಲು ನೋಡಿ ಅಭ್ಯಾಸ. ದೋಣಿಯಲ್ಲಿ ನಿಂತು ಹೋರಾಡಿ ಸತ್ತವರ ಕಲ್ಲು ನೋಡಲು ಅಲ್ಲಿಗೇ ಹೋಗಬೇಕು. ಶುಕ್ರವಾರ ಮ್ಯೂಸಿಯಂ ರಜೆ, ಆ ದಿನ ಹೋಗಬೇಡಿ.

ಸಂತ ಕಾಯೆತನ ಚರ್ಚಿನ ಹತ್ತಿರ ಆದಿಲ್ ಶಾಹಿ ಅರಮನೆಯ ಬಾಗಿಲು ನಿಂತಿದೆ. ಅರಮನೆ ಹೋಗಿದೆ, ಬಾಗಿಲಷ್ಟೇ ಉಳಿದಿದೆ. ಕಲ್ಲಿನ ಕೆತ್ತನೆ ಗಮನಿಸಿ, ಅದು ಗುಡಿಯ ಕಲ್ಲೇ ಅನ್ನಿಸುತ್ತದೆ. ಒಂದೇ ಬಾಗಿಲಲ್ಲಿ ಮೂರು ರಾಜ್ಯ. ಪ್ರವಾಸಿಗರು ಯಾರೂ ಅಲ್ಲಿ ನಿಲ್ಲುವುದಿಲ್ಲ, ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ.

ಬಾಂ ಜೀಜಸ್ ಎಲ್ಲರಿಗೂ ಗೊತ್ತು. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾಯಿತು. ಸಂತ ಫ್ರಾನ್ಸಿಸ್ ಝೇವಿಯರ್ ಪಾರ್ಥಿವ ಶರೀರ ಇರುವುದು ಅಲ್ಲಿ. ಬೆಳ್ಳಿಯ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೆಲಸ, ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ದೊರೆ ಕಳಿಸಿದ್ದು. ಸಾಮಾನ್ಯ ದಿನಗಳಲ್ಲಿ ಪೆಟ್ಟಿಗೆ ಎತ್ತರದಲ್ಲಿರುತ್ತದೆ. ಹತ್ತು ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ, ಕೊನೆಯದು 2024ರ ನವೆಂಬರಿನಿಂದ 2025ರ ಜನವರಿ ತನಕ ಆಯಿತು. ಎದುರಿನ ಸೆ ಕೆಥೆಡ್ರಲ್‌ಗೆ ಒಂದೇ ಗೋಪುರ, ಇನ್ನೊಂದು 1776ರಲ್ಲಿ ಬಿತ್ತು. ಸಂತ ಅಗಸ್ಟಿನರ ಮಠದ ಗೋಪುರದ ಅರ್ಧ ಮಾತ್ರ ನಿಂತಿದೆ. ರೋಗಗಳಿಗೆ ಹೆದರಿ ಜನ ಊರು ಬಿಟ್ಟರು, 1843ರಲ್ಲಿ ರಾಜಧಾನಿ ಪಣಜಿಗೆ ಹೋಯಿತು.

ರಜೆ ಸಿಕ್ಕರೆ ಸಾಕು

ಇಷ್ಟೆಲ್ಲ ನೋಡಲು ಟ್ಯಾಕ್ಸಿಗೆ ಎಷ್ಟು ಕೊಡಬೇಕು ಅಂತ ಯಾರೂ ಹೇಳಲಿಲ್ಲ. ಬಾಡಿಗೆ ಕಾರ್ ಸಿಗುತ್ತದಾ?

ವಾಸ್ಕೋ ಕನ್ನಡಿಗ

ಸಿಗುತ್ತದೆ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತಗೊಳ್ಳಿ. ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಕಡಿಮೆ ರೇಟಿಗೆ ಕೊಡುವವರು ಇದ್ದಾರೆ, ಪೊಲೀಸರು ನಿಲ್ಲಿಸಿದರೆ ದಂಡ ನಿಮ್ಮ ತಲೆಗೆ. ಪಣಜಿ–ಹಳೇ ಗೋವಾ–ಫೋಂಡಾ ದಾರಿಯಲ್ಲಿ ಬಸ್ಸುಗಳು ಬೇಕಾದಷ್ಟಿವೆ, ನಿಮ್ಮಂಥ ಗಟ್ಟಿಮುಟ್ಟು ಜನಕ್ಕೆ ಅದೇ ಸಾಕು.

ಚೋರ್ಲಾ ತಿರುವು

ಬೆಳಗಾವಿಯಿಂದ ನಮಸ್ಕಾರ. ಗೋವಾದವರ ತಟ್ಟೆಯಲ್ಲಿ ತರಕಾರಿ ನಮ್ಮದು ಅಂತ ಹೇಳಲು ಬಂದೆ 😀 ರಾತ್ರಿ ಚೋರ್ಲಾ ಘಾಟಿನಲ್ಲಿ ಇಳಿಯುವ ಲಾರಿಗಳನ್ನು ನೋಡಿದರೆ ಗೊತ್ತಾಗುತ್ತದೆ.

ಮಲ್ಲಿಗೆ ಅಕ್ಕ, ಧಾರವಾಡದಿಂದ ರೈಲಿಗೆ ಬರುವುದಾದರೆ ಹಗಲಲ್ಲಿ ಘಾಟ್ ಇಳಿಯುವ ಗಾಡಿ ನೋಡಿ. ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ, ಕುಳೆಂ. ಕ್ಯಾಸಲ್ ರಾಕ್ ಬ್ರಿಟಿಷರ ಕಡೆಯ ಕೊನೆಯ ಸ್ಟೇಷನ್, ಅಲ್ಲಿಂದಾಚೆ ಪೋರ್ಚುಗೀಸರ ಸೀಮೆ. 1961ರವರೆಗೆ ಅದು ಎರಡು ದೇಶಗಳ ಗಡಿ. ಜನವರಿಯಲ್ಲಿ ಜಲಪಾತದಲ್ಲಿ ನೀರು ಕಡಿಮೆ, ಆದರೂ ಇರುತ್ತದೆ. ಹಳಿ ಮೇಲೆ ಇಳಿದು ನಡೆಯುವ ಸಾಹಸ ಬೇಡ, ರೈಲ್ವೆಯವರು ಕೇಸು ಹಾಕುತ್ತಾರೆ.

ಕಾರಿನಲ್ಲಿ ಅನಮೋಡ ಘಾಟ್ ಇಳಿದರೆ ತಾಂಬಡಿ ಸುರ್ಲಾ ನೋಡಿಕೊಂಡೇ ಹೋಗಿ. ಕದಂಬರ ಕಾಲದ ಮಹಾದೇವನ ಗುಡಿ, 12–13ನೇ ಶತಮಾನದ್ದು. ಪೂರ್ತಿ ಕರಿಕಲ್ಲು. ಕಾಡಿನ ಮಧ್ಯ ಇದ್ದ ಕಾರಣ ಯಾರ ಕಣ್ಣಿಗೂ ಬೀಳದೆ ಉಳಿಯಿತು ಅಂತಾರೆ. ನಮ್ಮ ದೇಗಾಂವಿ, ಹಲಸಿ ಗುಡಿಗಳನ್ನು ನೋಡಿದವರಿಗೆ ಕಂಬಗಳ ಗುರುತು ತಕ್ಷಣ ಸಿಗುತ್ತದೆ. ಚಿಕ್ಕದು, ಆದರೆ ನನಗೆ ಇಡೀ ಗೋವಾದಲ್ಲಿ ಹೆಚ್ಚು ಇಷ್ಟವಾದ ಕಟ್ಟಡ ಅದೇ.

ಮಲ್ಲಿಗೆ ಧಾರವಾಡ

ಹಲಸಿ ನೋಡಿದ್ದೇನೆ, ಹಾಗಾದರೆ ಇದು ಪಕ್ಕಾ. ಹಳೇ ಮನೆಗಳ ಬಗ್ಗೆ ಯಾರೂ ಹೇಳಲಿಲ್ಲ. ಒಳಗೆ ಬಿಡುತ್ತಾರಾ?

ಕುಡ್ಲ ಕೊಂಕಣಿ

ಚಾಂದೋರಿಗೆ ಹೋಗಿ, ಮಡಗಾಂವದಿಂದ ಹತ್ತಿರ. ಬ್ರಗಾಂಝಾ ಮನೆತನದ ದೊಡ್ಡ ಮನೆ, ಎರಡು ಭಾಗ, ಎರಡು ಕುಟುಂಬ. ಇಂದಿಗೂ ಜನ ವಾಸ ಇದ್ದಾರೆ, ಮನೆಯವರೇ ತೋರಿಸುತ್ತಾರೆ, ಹೋಗುವಾಗ ಖರ್ಚಿಗೆ ಅಂತ ಕೈಲಾದಷ್ಟು ಕೊಟ್ಟು ಬರಬೇಕು. ನೃತ್ಯದ ಹಾಲ್, ಚೀನಾದ ಪಿಂಗಾಣಿ, ರೋಸ್‌ವುಡ್ ಕುರ್ಚಿಗಳು. ಒಂದು ಕಡೆಯ ಪ್ರಾರ್ಥನಾ ಕೋಣೆಯಲ್ಲಿ ಸಂತ ಝೇವಿಯರರ ಉಗುರು ಇಟ್ಟಿದ್ದಾರೆ. ಇನ್ನೊಂದು ಭಾಗ ಪತ್ರಕರ್ತ ಲೂಯಿಸ್ ದ ಮೆನೆಝಿಸ್ ಬ್ರಗಾಂಝಾ ಅವರದು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಝಾರ್ ಆಡಳಿತದ ವಿರುದ್ಧ ಬರೆದವರು ಅವರು. ಬಂಗಲೆಯಲ್ಲಿದ್ದವರೆಲ್ಲ ಪೋರ್ಚುಗೀಸರ ಪರ ಅಂತ ತಿಳಿಯಬೇಡಿ.

ಕಿಟಕಿಗಳನ್ನು ಹತ್ತಿರದಿಂದ ನೋಡಿ. ಗಾಜಿನ ಬದಲು ತೆಳ್ಳಗೆ ಉಜ್ಜಿದ ಸಮುದ್ರದ ಚಿಪ್ಪನ್ನು ಮರದ ಚೌಕಟ್ಟಿನಲ್ಲಿ ಕೂರಿಸಿರುತ್ತಾರೆ. ಬಿಸಿಲು ಒಳಗೆ ಬರುವ ಹೊತ್ತಿಗೆ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಮುಂದಿನ ಜಗಲಿಗೆ ಬಾಲ್ಕಾಂವ್ ಅನ್ನುತ್ತಾರೆ, ಎರಡೂ ಕಡೆ ಕಲ್ಲಿನ ಕಟ್ಟೆ. ಸಂಜೆ ಊರ ಸುದ್ದಿಯೆಲ್ಲ ಅಲ್ಲೇ ಬಗೆಹರಿಯುತ್ತದೆ.

ಶಿರಸಿ ಸೀಮೆ

ಅದೇ ಚಾಂದೋರ್ ಕದಂಬರ ಹಳೇ ರಾಜಧಾನಿ ಚಂದ್ರಪುರ. ಮನೆ ನೋಡಿದ ಮೇಲೆ ಕೋಟೆ ಜಾಗ ಎಲ್ಲಿ ಅಂತ ಕೇಳಿ. ಅಗೆತದಲ್ಲಿ ಸಿಕ್ಕ ಇಟ್ಟಿಗೆಯ ಗುಡಿಯ ಪಾಯ, ತಲೆ ಇಲ್ಲದ ಒಂದು ನಂದಿ. ಬೋರ್ಡು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ.

ವಾಸ್ಕೋ ಕನ್ನಡಿಗ

ಪಣಜಿಯ ಫೊಂತೈನ್ಯಾಸ್ ಓಣಿಯ ಬಗ್ಗೆ ಒಂದು ವಿನಂತಿ. ಅಲ್ಲಿ ಹಳದಿ, ನೀಲಿ, ಕೆಂಪು ಮನೆಗಳಿವೆ, ಎಲ್ಲರೂ ಫೋಟೊ ತೆಗೆಯುತ್ತಾರೆ. ಆದರೆ ಅವು ಸಿನಿಮಾ ಸೆಟ್ ಅಲ್ಲ. ಬಾಗಿಲ ಮುಂದೆ ಕೂತು ಪೋಸ್ ಕೊಡುವುದು, ಕಿಟಕಿ ಇಣುಕುವುದು, ಮದುವೆ ಫೋಟೊದವರು ಬಟ್ಟೆ ಬದಲಿಸುವುದು... ಅಲ್ಲಿಯ ಜನ ರೋಸಿಹೋಗಿ ಬೋರ್ಡು ಹಾಕಿದ್ದಾರೆ. ಬೆಳಿಗ್ಗೆ ಬೇಗ ಹೋಗಿ, ಮೆಲ್ಲಗೆ ನಡೆದು ಬನ್ನಿ. ಅವ್ವನಿಗೂ ಸಮತಟ್ಟು ದಾರಿ.

ಕಾಳಿ ತೀರ

ಕಾರವಾರದವಳು ನಾನು, ತಡವಾಗಿ ಬಂದೆ. ಮೀನಿನ ವಿಚಾರ ಯಾರೂ ಸರಿಯಾಗಿ ಮುಟ್ಟಿಲ್ಲ ಅಂತ ಕಾಣುತ್ತದೆ.

ಮಲ್ಲಿಗೆಯವರ ಯಜಮಾನರಿಗೆ ಹೇಳಿ: ಗೋವಾದಲ್ಲಿ ಎರಡು ಮೀನು ಸಾರು. ಹಿಂದೂ ಮನೆಯ ಹುಮಣಕ್ಕೆ ಹುಳಿ ಮುರುಗಲ ಸಿಪ್ಪೆಯದು, ಬಂಗಡೆ ಆದರೆ ಜೊತೆಗೆ ತಿರ್ಫಳ. ಕ್ಯಾಥೊಲಿಕ್ ಮನೆಯಲ್ಲಿ ವಿನೆಗರ್ ಅಥವಾ ಹುಣಸೆ, ಈರುಳ್ಳಿ ಜಾಸ್ತಿ. ಎರಡನ್ನೂ ತಿಂದು ನೋಡಲಿ. ಊಟದ ತಾಟು ಅಂದರೆ ಕೆಂಪು ಕುಚಲಕ್ಕಿ ಅನ್ನ, ಸಾರು, ರವಾದಲ್ಲಿ ಹುರಿದ ಮೀನು, ತಿಸ್ರೆ ಸುಕ್ಕೆ (ಚಿಪ್ಪುಮೀನಿನ ಒಣ ಪಲ್ಯ), ಒಣ ಸಿಗಡಿಯ ಕಿಸ್ಮೂರ್ (ಕಾಯಿತುರಿ ಹಾಕಿದ ಕೋಸಂಬರಿ), ಸೋಲಕಡಿ. ಇಸ್ವಾಣ, ಪಾಂಫ್ರೆಟ್ ಅಂತಲೇ ಹಠ ಹಿಡಿಯಬೇಡಿ, ಪ್ರವಾಸಿಗರು ಕೇಳುತ್ತಾರೆ ಅಂತ ಅದಕ್ಕೆ ರೇಟು. ಆ ದಿನ ಯಾವುದು ಬಂದಿದೆ ಅಂತ ಕೇಳಿ. ಜೂನ್, ಜುಲೈ ಪೂರ್ತಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಹೋದವರಿಗೆ ಬಡಿಸುವುದು ಜಾಸ್ತಿ ಮಂಜುಗಡ್ಡೆಯ ಮೀನು. ಜನವರಿ ಒಳ್ಳೆಯ ಕಾಲ.

ಇನ್ನೊಂದು, ಇದನ್ನು ಯಾವ ಗೈಡೂ ತೋರಿಸುವುದಿಲ್ಲ. ಹಳೇ ಗೋವಾದಲ್ಲಿ ವೈಸರಾಯ್ ಕಮಾನು ದಾಟಿದರೆ ಫೆರಿ ಸಿಗುತ್ತದೆ, ಆಚೆ ದಡ ದಿವಾಡಿ ದ್ವೀಪ. ದಾರಿಯ ಎರಡೂ ಬದಿ ಖಾಜನ್ ಗದ್ದೆಗಳು. ಉಪ್ಪುನೀರು ಬರುವ ಜಾಗಕ್ಕೆ ಒಡ್ಡು ಹಾಕಿ, ಮರದ ಬಾಗಿಲು ಕೂರಿಸಿ, ಭರತ ಇಳಿತ ನೋಡಿಕೊಂಡು ನೀರು ಬಿಡುವುದು, ತಡೆಯುವುದು. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಏಡಿ, ಮೀನು. ಪೋರ್ಚುಗೀಸರು ಬರುವ ಎಷ್ಟೋ ಮುಂಚಿನ ಬುದ್ಧಿ ಇದು. ನಮ್ಮ ಅಘನಾಶಿನಿ ಕಡೆಯ ಗಜನಿ ಗದ್ದೆಯೂ ಇದೇ. ಅಲ್ಲಿ ಕೊರ್ಗುಟ್ ಭತ್ತ, ನಮ್ಮಲ್ಲಿ ಕಗ್ಗ. ಒಡ್ಡು ಒಡೆದರೆ ರಿಪೇರಿ ಮಾಡುವವರಿಲ್ಲದೆ ಎರಡೂ ಕಡೆ ಹಾಳು ಬಿದ್ದಿವೆ. ಗೋವಾದ ಮೀನು ಸಾರನ್ನು ಹೊಗಳುವವರು ಈ ಬಾಗಿಲುಗಳನ್ನು ಒಮ್ಮೆ ನೋಡಬೇಕು, ಚರ್ಚಿಗಿಂತ ಹಳೆಯದು ಅದು.

ಬರೀ ಊಟ

ಕಾಳಿ ತೀರ ಅಕ್ಕ, ಕಾರವಾರದ ಎದುರಿನ ಅಂಜದೀವ್ ದ್ವೀಪ ಗೋವಾಕ್ಕೆ ಸೇರಿದ್ದು ಅಂತ ಕೇಳಿದ್ದೆ. ನಿಜವಾ?

ಕಾಳಿ ತೀರ

ನಿಜ. ನಮ್ಮ ಕಣ್ಣೆದುರಿಗೇ ಇದೆ, ಆದರೆ ಕಾಗದದಲ್ಲಿ ಗೋವಾದ ಕಾಣಕೋಣ ತಾಲೂಕು. 1498ರಲ್ಲಿ ವಾಸ್ಕೋ ಡ ಗಾಮಾ ವಾಪಸ್ ಹೋಗುವಾಗ ಅಲ್ಲಿ ನಿಂತಿದ್ದ. 1961ರಲ್ಲಿ ಆ ದ್ವೀಪದಿಂದ ಗುಂಡು ಹಾರಿ ನಮ್ಮ ಮೀನುಗಾರರೊಬ್ಬರು ಸತ್ತರು. ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ಅದನ್ನು ಹಿಡಿಯಲು ಹೋದ ನೌಕಾಪಡೆಯ ನಾವಿಕರೂ ಪ್ರಾಣ ಕೊಟ್ಟರು. ಈಗ ನೌಕಾನೆಲೆಯ ಭಾಗ, ನಾವು ನೀವು ಹೋಗುವಂತಿಲ್ಲ. ದ್ವೀಪದ ಹಳೇ ಚರ್ಚಿನ ಹಬ್ಬಕ್ಕೆ ಮುಂಚೆ ದೋಣಿಯಲ್ಲಿ ಜನ ಹೋಗುತ್ತಿದ್ದರು, ಅದೂ ನಿಂತಿತು.

ರಜೆ ಸಿಕ್ಕರೆ ಸಾಕು

ಇಷ್ಟು ಓದಿದ ಮೇಲೆ ನಾನೂ ಹೋಗಿಬರೋಣ ಅನ್ನಿಸುತ್ತಿದೆ. ಫೆನಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ, ಎಲ್ಲರೂ ಸಂಭಾವಿತರು!

ವಾಸ್ಕೋ ಕನ್ನಡಿಗ

ಜನವರಿಯಲ್ಲಿ ಫೆನಿ ಬಾಟಲಿಯಲ್ಲಿ ಮಾತ್ರ. ಭಟ್ಟಿ ನೋಡಬೇಕು ಅಂದರೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಬನ್ನಿ. ಗೇರು ಹಣ್ಣನ್ನು ಕಾಲಲ್ಲಿ ತುಳಿದು ರಸ ತೆಗೆಯುತ್ತಾರೆ. ತುಳಿದ ಮೇಲೆ ಉಳಿದ ತಿರುಳಿನ ಮೇಲೆ ಭಾರ ಇಟ್ಟಾಗ ಇಳಿಯುವ ರಸ ನಿರೊ, ಅದು ಹುದುಗುವ ಮುಂಚೆ ಮಕ್ಕಳೂ ಕುಡಿಯಬಹುದು. ಹುದುಗಿದ ರಸವನ್ನು ಒಂದು ಸಲ ಭಟ್ಟಿ ಇಳಿಸಿದರೆ ಉರ್ರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. ಉರ್ರಾಕ್ ಆ ಎರಡು ತಿಂಗಳು ಮಾತ್ರ. ಗೇರು ಫೆನಿಗೆ 2009ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಗುರುತು ಸಿಕ್ಕಿತು. ತೆಂಗಿನ ಕಳ್ಳಿನ ಫೆನಿಯೂ ಇದೆ, ದಕ್ಷಿಣ ಗೋವಾದಲ್ಲಿ ಕೇಳಿ. ವಾಸನೆ ಎರಡಕ್ಕೂ ಜೋರು, ಮೊದಲೇ ಹೇಳಿಬಿಡುತ್ತೇನೆ. ಬಾಟಲಿ ಕಟ್ಟಿಕೊಂಡು ಗಡಿ ದಾಟಬೇಡಿ, ಮಾಜಾಳಿ, ಅನಮೋಡದಲ್ಲಿ ಅಬಕಾರಿಯವರು ಚೀಲ ತೆಗೆಸುತ್ತಾರೆ.

ಮಲ್ಲಿಗೆ ಧಾರವಾಡ

ನಮ್ಮ ಚೀಲದಲ್ಲಿ ಅದಕ್ಕೆ ಜಾಗ ಇಲ್ಲ ಬಿಡಿ. ಮನೆಗೆ ತರುವಂಥದ್ದು ಏನಿದೆ? ಗೋಡಂಬಿ ಬಿಟ್ಟು ಹೇಳಿ.

ಕುಡ್ಲ ಕೊಂಕಣಿ

ಕಳ್ಳಿನ ವಿನೆಗರ್, ಎರಡು ಬಾಟಲಿ. ಪೇಟೆಯಲ್ಲಿ ಸಿಗುವ ಬಿಳಿ ವಿನೆಗರಿನಲ್ಲಿ ಆ ರುಚಿ ಬರುವುದಿಲ್ಲ. ಯಜಮಾನರಿಗೆ ಸಿಗಡಿ ಬಾಲ್ಶಾಂವ್ ಉಪ್ಪಿನಕಾಯಿ. ಶುಕ್ರವಾರ ಸಿಕ್ಕರೆ ಮಾಪುಸಾ ಸಂತೆಗೆ ಹೋಗಿ, ಹಳ್ಳಿಯ ಹೆಂಗಸರು ಮನೆಯಲ್ಲಿ ಮಾಡಿದ್ದನ್ನೇ ತಂದು ಕೂತಿರುತ್ತಾರೆ.

ಕಾಳಿ ತೀರ

ಒಣಗಿಸಿದ ಮುರುಗಲ ಸಿಪ್ಪೆ ಅಲ್ಲಿ ಕೊಳ್ಳಬೇಡಿ, ಕುಮಟಾ, ಶಿರಸಿ ಕಡೆಯದು ಇನ್ನೂ ಚೆನ್ನಾಗಿರುತ್ತದೆ. ಪೊಯ್ ತಂದರೆ ಮರುದಿನವೇ ಮುಗಿಸಿ, ಮೂರನೇ ದಿನಕ್ಕೆ ಚಪ್ಪಲಿ ಅಟ್ಟೆಯಾಗುತ್ತದೆ. ವಿನೆಗರ್ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿ ಅಡ್ಡ ಮಲಗಿಸಬೇಡಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ನೆಟ್ಟಗೆ ನಿಲ್ಲಿಸಿ ತನ್ನಿ.